ಲಸಿಕೆ ಹಾಕಿಸಿದ ಮೇಲೆ ಪುಟ್ಟ ನಾಯಿಯ ಮುಖ ಊದಿದರೆ

ಪಮೇರಿಯನ್, ಪಗ್, ಡ್ಯಾಶ್‌ಹೌಂಡ್‌ನಂಥ 10 ಕೆಜಿಯೊಳಗಿನ ನಾಯಿಗಳಿಗೆ ಲಸಿಕೆ ಒಗ್ಗದಿರುವ ಸಂಭವ ದೊಡ್ಡ ನಾಯಿಗಳಿಗಿಂತ ಹೆಚ್ಚು. ಒಂದೇ ದಿನ ಎರಡು ಮೂರು ಸೂಜಿ ಚುಚ್ಚಿಸಿದರೆ ಇನ್ನಷ್ಟು ಹೆಚ್ಚು.

ಒಂದು ದಿನ ಮಂಕಾಗಿ ಮಲಗುವುದು, ಚುಚ್ಚಿದ ಜಾಗದಲ್ಲಿ ಸಣ್ಣ ಗಂಟು ಬರುವುದು ಅಲರ್ಜಿಯಲ್ಲ. ಕೆಲವೇ ಗಂಟೆಗಳಲ್ಲಿ ಮೂತಿ, ಕಣ್ಣಿನ ರೆಪ್ಪೆ ದಪ್ಪಗಾಗಿ, ಮೈಮೇಲೆ ಗಂಧೆ ಎದ್ದರೆ ಅದು ಅಲರ್ಜಿ. ಗಿಡ್ಡ ಕೂದಲಿನ ಪಗ್‌ನಲ್ಲಿ ಗಂಧೆ ಕಣ್ಣಿಗೇ ಕಾಣುತ್ತದೆ. ಪಮೇರಿಯನ್ ಆದರೆ ಬೆರಳಾಡಿಸಿ ನೋಡಬೇಕು. ತಕ್ಷಣ ವೈದ್ಯರಿಗೆ ಫೋನ್ ಮಾಡಿ.

ಪದೇ ಪದೇ ವಾಂತಿ, ಭೇದಿ, ತೂರಾಡುವುದು, ಉಸಿರಾಟದ ಕಷ್ಟ ಕಂಡರೆ ಫೋನಿಗೂ ಕಾಯಬೇಡಿ, ಹೊರಡಿ. ತುಟಿ ಎತ್ತಿ ವಸಡನ್ನು ಒತ್ತಿ ಬಿಡಿ: ಬಣ್ಣ 2 ಸೆಕೆಂಡಿನೊಳಗೆ ಮರಳಬೇಕು. ಬಿಳಿಚಿಕೊಂಡೇ ಇದ್ದರೆ ರಕ್ತದೊತ್ತಡ ಕುಸಿಯುತ್ತಿದೆ ಎಂದರ್ಥ. ಆಗ ಬೇಕಿರುವುದು ಅಡ್ರಿನಲಿನ್ ಮತ್ತು ಡ್ರಿಪ್, ಮಾತ್ರೆಯಲ್ಲ.

ಮನೆಯಲ್ಲಿರುವ ಅಲರ್ಜಿ ಮಾತ್ರೆ ಸಿಟ್ರಿಜಿನ್ ಕೊಡುವ ಮುನ್ನ ವೈದ್ಯರ ಬಳಿ ಡೋಸ್ ಕೇಳಿಕೊಳ್ಳಿ. ಮೂಗು ಕಟ್ಟಿದ್ದಕ್ಕೆ ಕೊಡುವ ಮಿಶ್ರ ಮಾತ್ರೆಗಳಲ್ಲಿ ಸ್ಯೂಡೋಎಫೆಡ್ರಿನ್, ಕೆಲವು ಸಿರಪ್‌ಗಳಲ್ಲಿ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇರುತ್ತದೆ; ಎರಡೂ ನಾಯಿಗೆ ವಿಷವೇ.

ಮುಂದಿನ ಸಲ ಬೆಳಗ್ಗೆಯೇ ಹೋಗಿ, ಸಂಜೆ ಏನಾದರೂ ಆದರೆ ಬಾಗಿಲು ತೆರೆದಿರುವ ಕ್ಲಿನಿಕ್ ಸಿಗುವುದು ಕಷ್ಟ. ಲಸಿಕೆ ಪುಸ್ತಕದಲ್ಲಿ ಆದದ್ದನ್ನು ಕೆಂಪು ಇಂಕಿನಲ್ಲಿ ಬರೆಸಿ; ಅಲ್ಲಿ ಅಂಟಿಸಿದ ಸ್ಟಿಕರ್‌ನಲ್ಲಿ ಬ್ಯಾಚ್ ನಂಬರ್ ಇರುತ್ತದೆ. ರೇಬೀಸ್ ಮತ್ತು ಬಹುರೋಗ ಲಸಿಕೆಗಳ ನಡುವೆ 2–4 ವಾರ ಬಿಡಿಸಿ. ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಅರ್ಧ ಡೋಸ್ ಮಾತ್ರ ಕೇಳಬೇಡಿ. ಲಸಿಕೆಯ ಪ್ರಮಾಣ ತೂಕದ ಲೆಕ್ಕದ್ದಲ್ಲ.