ಎಲ್ಕ್ ಬೇಟೆಯ ಏರುದಾರಿಯೂ ಸೋಡಾ ಡಬ್ಬಿಯೂ

ಕೊಲೊರಾಡೊ ರಾಜ್ಯದ ವಾಯವ್ಯದಲ್ಲಿರುವ ಫ್ಲಾಟ್ ಟಾಪ್ಸ್ ಎಂಬ ಎತ್ತರದ ಬಯಲಿಗೆ ಪ್ರತಿ ಅಕ್ಟೋಬರಿನಲ್ಲಿ ನಾನು ಖಾಲಿ ಬೆನ್ನುಚೀಲ ಹೊತ್ತು ಹೋಗುತ್ತೇನೆ. ನನ್ನ ಜೊತೆ ಕೆಲಸ ಮಾಡುವ ಇಬ್ಬರು ಎಲ್ಕ್ ಬೇಟೆಯ ಪರವಾನಗಿ ಪಡೆದು ಹೊರಡುತ್ತಾರೆ. ಬೇಟೆ ಸಿಕ್ಕರೆ ಮಾಂಸ ಇಳಿಸುವುದಕ್ಕೆ ಬೇಕಾದ ಮೂರನೆಯ ಬೆನ್ನು ನನ್ನದು. ಮೊದಲ ವರ್ಷ ಡೆನ್ವರ್ ದಾಟುವಷ್ಟರಲ್ಲೇ ಗಾಡಿಯಲ್ಲಿ ವಾದ ಎದ್ದಿತ್ತು. ಒಬ್ಬಾತ ಹಿಂದಿನ ಸೀಟಿನ ಐಸ್ ಪೆಟ್ಟಿಗೆಯಿಂದ ಒಂದಾದ ಮೇಲೊಂದು ಸೋಡಾ ಡಬ್ಬಿ ತೆಗೆಯುತ್ತಿದ್ದ. ಇನ್ನೊಬ್ಬಾತ, "ಕುಡಿ, ಕುಡಿ, ನಾಳೆ ಏರಿನಲ್ಲಿ ನಿನ್ನ ದಮ್ಮು ಎಲ್ಲಿ ಹೋಯಿತೆಂದು ನಾವೇ ಹುಡುಕಿಕೊಡುತ್ತೇವೆ" ಎಂದು ಚುಚ್ಚುತ್ತಿದ್ದ. ಊರಿನ ಓದುಗರಿಗೆ ಒಂದು ಮಾತು ಹೇಳಬೇಕು: ಇಲ್ಲಿ ಸೋಡಾ ಎಂದರೆ ಬರೀ ಗ್ಯಾಸು ತುಂಬಿದ ನೀರಲ್ಲ, ಕೋಲಾ ಮೊದಲಾದ ಸಿಹಿ ಪಾನೀಯಗಳಿಗೆಲ್ಲ ಅದೇ ಹೆಸರು.

ಆ ಏರು ಎಂಥದ್ದು ಎಂದು ಹೇಳದೆ ದಮ್ಮಿನ ಮಾತು ಪೂರ್ತಿ ತಿಳಿಯದು. ಎಲ್ಕ್ ಎಂಬುದು ನಮ್ಮ ಕಡವೆಯ ಬಳಗದ, ಅದಕ್ಕಿಂತ ದೊಡ್ಡದಾದ ಪ್ರಾಣಿ; ಬಲಿತ ಗಂಡು 300 ಕಿಲೊ ತೂಗುತ್ತದೆ. ಅದು ಓಡಾಡುವ ಮೂರು ಸಾವಿರ ಮೀಟರ್ ಎತ್ತರದಲ್ಲಿ ವಾಯುಭಾರ ಸಮುದ್ರಮಟ್ಟದ ಶೇ 70ರಷ್ಟು ಮಾತ್ರ ಇರುವುದರಿಂದ, ಒಂದೊಂದು ಉಸಿರಿನಲ್ಲೂ ದೇಹಕ್ಕೆ ಸಿಗುವ ಆಮ್ಲಜನಕವೂ ಸುಮಾರು ಅಷ್ಟಕ್ಕೇ ಇಳಿಯುತ್ತದೆ. ಫ್ಲಾಟ್ ಟಾಪ್ಸಿನ ಬಹುಭಾಗ 1964ರ ವಿಲ್ಡರ್‌ನೆಸ್ ಕಾಯ್ದೆಯ ರಕ್ಷಣೆಗೆ ಒಳಪಟ್ಟ ಕಾಡಾದ್ದರಿಂದ ಅಲ್ಲಿ ವಾಹನ ಹೋಗಲಿ, ಕೈಗಾಡಿಯನ್ನು ಸಹ ತಳ್ಳುವಂತಿಲ್ಲ. ಕುದುರೆ ಇಲ್ಲದವರಿಗೆ ಬೆನ್ನೇ ಗತಿ. ತಿನ್ನಲು ಯೋಗ್ಯವಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರುವುದು ಅಪರಾಧವಾಗಿರುವುದರಿಂದ, ಮೂಳೆ ಬಿಡಿಸಿದ ಮೇಲೂ ಉಳಿಯುವ 80 ಕಿಲೊಗೂ ಮಿಕ್ಕಿದ ಮಾಂಸವನ್ನು ಹಲವು ಸಲ ಹತ್ತಿ ಇಳಿದು ಸಾಗಿಸಬೇಕು. ಹೊರೆ ಹೊತ್ತು ಏರುವಾಗ ಗಂಟೆಗೆ 400ರಿಂದ 600 ಕ್ಯಾಲೊರಿ ಸುಲಭವಾಗಿ ಕರಗುತ್ತದೆ. ಸ್ನಾಯುಗಳಲ್ಲೂ ಪಿತ್ತಜನಕಾಂಗದಲ್ಲೂ ಕೂಡಿಟ್ಟ ಸಕ್ಕರೆಯ ಸಂಗ್ರಹವಾದರೋ ಎಲ್ಲ ಸೇರಿ ಸುಮಾರು 2,000 ಕ್ಯಾಲೊರಿಯಷ್ಟೇ.

ಹೀಗಿರುವಾಗ ಸಕ್ಕರೆ ಶತ್ರುವಾಗುವುದು ಹೇಗೆ ಎಂಬುದು ಸೋಡಾ ಪಕ್ಷದವನ ಪ್ರಶ್ನೆ. 355 ಮಿಲಿಲೀಟರಿನ ಒಂದು ಕೋಕಾ-ಕೋಲಾ ಡಬ್ಬಿಯಲ್ಲಿ 39 ಗ್ರಾಂ ಸಕ್ಕರೆ, 140 ಕ್ಯಾಲೊರಿ, 34 ಮಿಲಿಗ್ರಾಂ ಕೆಫೀನ್ ಇರುತ್ತವೆ. ಅಮೆರಿಕದ ಸೋಡಾಗಳಿಗೆ ಹಾಕುವ ಜೋಳದ ಪಾಕದಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಎರಡೂ ಇದ್ದು, ಇವೆರಡೂ ಕರುಳಿನ ಬೇರೆಬೇರೆ ದ್ವಾರಗಳಿಂದ ರಕ್ತಕ್ಕೆ ಸೇರುವ ಕಾರಣ, ದೀರ್ಘ ಶ್ರಮದ ನಡುವೆ ಈ ಮಿಶ್ರಣ ಗ್ಲೂಕೋಸ್ ಒಂದಕ್ಕಿಂತ ಹೆಚ್ಚು ಶಕ್ತಿ ಒದಗಿಸಬಲ್ಲದು. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಮ್ಯಾರಥಾನ್ ಗೆದ್ದ ಫ್ರಾಂಕ್ ಶಾರ್ಟರ್ ಓಟದ ನಡುವೆ ಕುಡಿದದ್ದು ಗ್ಯಾಸು ಹೋಗಲಾಡಿಸಿದ ಕೋಲಾವನ್ನೇ. ಈ ಕಥೆಯನ್ನು ನಮ್ಮ ಗೆಳೆಯ ಪ್ರತಿ ವರ್ಷ ಹೇಳುತ್ತಾನೆ. "ಗ್ಯಾಸು ಹೋಗಲಾಡಿಸಿದ" ಎಂಬ ಮಾತನ್ನು ಮಾತ್ರ ಪ್ರತಿ ವರ್ಷ ನುಂಗಿಬಿಡುತ್ತಾನೆ.

ಆ ನುಂಗಿದ ಮಾತಿನಲ್ಲೇ ಅರ್ಧ ವಿಷಯವಿದೆ. ಮೊದಲ ವರ್ಷ ಆತ ಜಂಬದಿಂದ ಒಂದೇ ಒಂದು ಡಬ್ಬಿಯನ್ನು ಮೇಲಕ್ಕೆ ಹೊತ್ತು ತಂದು ಬಂಡೆಯ ಮೇಲೆ ಕುಳಿತು ತೆರೆದಾಗ, ತೆಳುಗಾಳಿಯಲ್ಲಿ ನೊರೆ ಬುಸ್ಸೆಂದು ಉಕ್ಕಿ ಕಾಲು ಭಾಗ ಅವನ ಕೈಗವಸಿನ ಪಾಲಾಯಿತು. ಉಳಿದದ್ದನ್ನು ಗಟಗಟನೆ ಕುಡಿದು ಮತ್ತೆ ಹತ್ತತೊಡಗಿದವನು ಹತ್ತೇ ನಿಮಿಷದಲ್ಲಿ ಬೆನ್ನುಚೀಲದ ಸೊಂಟಪಟ್ಟಿಯನ್ನು ಸಡಿಲಿಸಿಕೊಂಡು, ತೇಗುತ್ತಾ ನಿಂತುಬಿಟ್ಟ. ಹೊಟ್ಟೆಯಲ್ಲಿ ಗ್ಯಾಸು ತುಂಬಿಕೊಂಡರೆ ಬಿಗಿದ ಸೊಂಟಪಟ್ಟಿಯ ಮೇಲೆ ಆಳವಾಗಿ ಉಸಿರೆಳೆಯುವುದೇ ಕಷ್ಟ. ಸಾಲದುದಕ್ಕೆ ಸೋಡಾದಲ್ಲಿ ಸಕ್ಕರೆಯ ಪ್ರಮಾಣ ಶೇ 11ರ ಹತ್ತಿರ ಇರುತ್ತದೆ. ಕ್ರೀಡಾ ಪಾನೀಯಗಳನ್ನು ಶೇ 6ರಿಂದ 8ರೊಳಗೆ ಇಡುವುದು, ಅದಕ್ಕಿಂತ ಗಟ್ಟಿಯಾದ ದ್ರವ ಹೊಟ್ಟೆಯಿಂದ ಕರುಳಿಗೆ ನಿಧಾನವಾಗಿ ಇಳಿಯುತ್ತದೆ ಎಂಬ ಕಾರಣಕ್ಕೆ. ನೀರಿನ ವಿಷಯವಂತೂ ಬೇರೆಯೇ. ಅಲ್ಲಿನ ಒಣ ಚಳಿಗಾಳಿಯಲ್ಲಿ ಏದುಸಿರು ಬಿಡುವವನ ದೇಹದಿಂದ ಉಸಿರಿನ ಮೂಲಕವೇ ಬಹಳ ನೀರು ಹೋಗುತ್ತದೆ, ಬಾಯಾರಿಕೆ ಮಾತ್ರ ಅಷ್ಟಾಗಿ ಕಾಡುವುದಿಲ್ಲ. ಕೆಫೀನ್ ನೀರನ್ನು ಹಿಂಡಿ ಹಾಕುತ್ತದೆ ಎಂಬ ಭಯ ಅಭ್ಯಾಸವಿರುವವರ ಮಟ್ಟಿಗೆ ಉತ್ಪ್ರೇಕ್ಷೆ. ಸೋಡಾದಿಂದ ಆಗುವ ನಷ್ಟವೆಂದರೆ, ಹೊಟ್ಟೆ ತುಂಬಿದವನು ನೀರಿನ ಬಾಟಲಿಯ ಕಡೆ ತಿರುಗಿ ನೋಡದಿರುವುದು.

ಇಷ್ಟಾದರೂ ಒಂದು ಡಬ್ಬಿ ಸೋಡಾ ಯಾರ ಕಾಲನ್ನೂ ಮುರಿಯುವುದಿಲ್ಲ ಎಂಬುದೇ ನನ್ನ ಅಭಿಪ್ರಾಯ. ಆ ವರ್ಷ ನಮ್ಮ ಗೆಳೆಯನನ್ನು ಮಲಗಿಸಿದ್ದು ಕುಡಿದ ಸೋಡಾ ಅಲ್ಲ, ಕುಡಿಯದೆ ಹೋದ ಸೋಡಾ.

ತುಂಬಿದ ಡಬ್ಬಿ ಸುಮಾರು 380 ಗ್ರಾಂ ತೂಗುವುದರಿಂದ ಐಸ್ ಪೆಟ್ಟಿಗೆಯನ್ನು ಗಾಡಿಯಲ್ಲೇ ಬಿಟ್ಟು ನಾವು ಹತ್ತಿದ್ದೆವು. ಮಾಮೂಲಿ ದಿನಗಳಲ್ಲಿ ಐದಾರು ಡಬ್ಬಿ ಕುಡಿಯುವ ಆತ, ಮೇಲೆ ಕುಡಿದ ಆ ಒಂದರ ನಂತರ ತೊರೆಯ ನೀರಿನ ಮೇಲೆ ನಿಂತ. ಎರಡನೆಯ ದಿನ ಬೆಳಗಿನ ಜಾವ ಗುಡಾರದಿಂದ ಹೊರಬಂದವನ ಮುಖ ಬಿಳಿಚಿಕೊಂಡಿತ್ತು. ಕಣ್ಣಿನ ಹಿಂದೆ ಸುತ್ತಿಗೆಯಲ್ಲಿ ಬಡಿದಂತೆ ನೋವು, ವಾಕರಿಕೆ, ಯಾರು ಮಾತಾಡಿಸಿದರೂ ಸಿಡುಕು. ಸ್ಪ್ರೂಸ್ ಮರವೊಂದಕ್ಕೆ ಒರಗಿ ಕುಳಿತವನು ಏಳಲಿಲ್ಲ. ಕೆಳಗಿನ ಹುಲ್ಲುಗಾವಲಿನಲ್ಲಿ ಗಂಡು ಎಲ್ಕ್ ಒಂದು ಸಿಳ್ಳಿನಂತೆ ಕೂಗುತ್ತಿದ್ದರೂ ಅವನು ತಲೆ ಎತ್ತಲಿಲ್ಲ. ಎತ್ತರದ ಕಾಯಿಲೆಯೆಂದೇ ನಾವು ಭಾವಿಸಿದೆವು, ಹಾಗೆ ಭಾವಿಸುವುದೇ ಕ್ಷೇಮವೂ ಹೌದು. ಮೇಲೆ ಹತ್ತುವ ಮಾತನ್ನು ಅಲ್ಲಿಗೇ ಬಿಟ್ಟೆವು. ಕೊನೆಗೆ ಚುಚ್ಚುಮಾತಿನ ಗೆಳೆಯನೇ ಇನ್‌ಸ್ಟಂಟ್ ಕಾಫಿಯ ಎರಡು ಪೊಟ್ಟಣ ಹರಿದು ಕುದಿನೀರಿಗೆ ಹಾಕಿ ಕುಡಿಸಿದ. ಒಂದು ಗಂಟೆ ಕಳೆಯುವಷ್ಟರಲ್ಲಿ ರೋಗಿ ಎದ್ದು ತನ್ನ ಕಿತ್ತಳೆ ಬಣ್ಣದ ಜಾಕೆಟ್ಟು ಹುಡುಕತೊಡಗಿದ್ದ.

ಕೆಫೀನ್ ನಿಲ್ಲಿಸಿದಾಗ ಬರುವ ತಲೆನೋವು ಕೊನೆಯ ಗುಟುಕಿನ 12ರಿಂದ 24 ಗಂಟೆಯೊಳಗೆ ಶುರುವಾಗಿ, ಒಂದೆರಡು ದಿನದಲ್ಲಿ ಅತಿಯಾಗಿ, ಕೆಲವರಲ್ಲಿ ವಾರದವರೆಗೂ ಎಳೆಯುತ್ತದೆ. ದಿನಕ್ಕೆ 100 ಮಿಲಿಗ್ರಾಂ, ಅಂದರೆ ಮೂರು ಡಬ್ಬಿ ಕೋಲಾದಷ್ಟು ಅಭ್ಯಾಸವಿದ್ದವರಿಗೂ ಅದು ಬರಬಹುದು. ಬೇಟೆಯ ಪ್ರವಾಸದ ಲೆಕ್ಕಕ್ಕೆ ಇದು ಎಷ್ಟು ಕೆಟ್ಟದಾಗಿ ಹೊಂದುತ್ತದೆ ಎಂದು ನೋಡಿ: ಹೊರಟ ದಿನ ಕೊನೆಯ ಡಬ್ಬಿ, ಮರುದಿನ ಮಂಕು, ಮೂರನೆಯ ದಿನ ನರಳಾಟ. 2,500 ಮೀಟರ್ ದಾಟಿದವರಿಗೆ ಕಾಡುವ ಎತ್ತರದ ಕಾಯಿಲೆಯ ಲಕ್ಷಣಗಳೂ ತಲೆನೋವು, ವಾಕರಿಕೆ, ಸುಸ್ತು ಇವೇ ಆಗಿರುವುದರಿಂದ ಒಂದನ್ನು ಇನ್ನೊಂದೆಂದು ತಿಳಿಯುವ ಅಪಾಯವಿದೆ. ಸೋಡಾದ ತಲೆನೋವನ್ನು ಎತ್ತರದ್ದೆಂದು ಭಾವಿಸಿದರೆ ಒಂದು ದಿನದ ಬೇಟೆ ಹೋದೀತು. ಎತ್ತರದ ಕಾಯಿಲೆಯನ್ನು ಸೋಡಾದ ತಲೆಗೆ ಕಟ್ಟಿ ಮೇಲೇರಿದರೆ ಪ್ರಾಣವೇ ಹೋದೀತು. ಹಾಗಾಗಿ ಕಾಫಿಗೆ ಜಗ್ಗದ, ಹೆಜ್ಜೆ ತಪ್ಪಿಸುವ ತಲೆನೋವಿಗೆ ಇಳಿಯುವುದೊಂದೇ ಮದ್ದು ಎಂಬುದು ಈಗ ನಮ್ಮ ಮೂವರ ಒಪ್ಪಂದ.

ಸಕ್ಕರೆ ಇಲ್ಲದ ಡಯಟ್ ಸೋಡಾಕ್ಕೆ ಬದಲಾಯಿಸಿಕೊಂಡವರು ತಾವು ಪಾರಾದೆವೆಂದು ತಿಳಿಯುತ್ತಾರೆ, ಆದರೆ ಡಯಟ್ ಕೋಕ್ ಡಬ್ಬಿಯಲ್ಲಿ ಕೆಫೀನ್ 46 ಮಿಲಿಗ್ರಾಂ, ಮಾಮೂಲಿಗಿಂತ ಹೆಚ್ಚೇ. ಕೆಫೀನಿನಿಂದ ಲಾಭವಿಲ್ಲವೆಂದಲ್ಲ. ದೇಹತೂಕದ ಪ್ರತಿ ಕಿಲೊಗೆ 3ರಿಂದ 6 ಮಿಲಿಗ್ರಾಂ ಸೇವಿಸಿದಾಗ ದಮ್ಮು ಹೆಚ್ಚುವುದು ಕ್ರೀಡಾವಿಜ್ಞಾನದಲ್ಲಿ ಗಟ್ಟಿಯಾಗಿ ನೆಲೆಗೊಂಡ ಸಂಗತಿ. ಆದರೆ 70 ಕಿಲೊ ತೂಗುವವನು ಅದನ್ನು ಕೋಲಾದಿಂದ ಪಡೆಯಹೊರಟರೆ ಆರಕ್ಕೂ ಹೆಚ್ಚು ಡಬ್ಬಿ ಬೇಕು. ಬೆಟ್ಟಕ್ಕೆ ಆರು ಡಬ್ಬಿ ಹೊರುವುದಕ್ಕಿಂತ ಎರಡು ಪೊಟ್ಟಣ ಕಾಫಿಪುಡಿ ಜೇಬಿಗೆ ಹಾಕಿಕೊಳ್ಳುವುದು ಲೇಸಲ್ಲವೇ?

ವರ್ಷವಿಡೀ ದಿನಕ್ಕೆ ನಾಲ್ಕು ಡಬ್ಬಿ ಕುಡಿಯುವವನ ಹೊಟ್ಟೆಗೆ ಅದರಿಂದಲೇ 560 ಕ್ಯಾಲೊರಿ ಹೋಗುತ್ತದೆ, ಹೋದದ್ದು ಸೊಂಟದ ಸುತ್ತ ನಿಲ್ಲುತ್ತದೆ. ಅರ್ಧ ಕಿಲೊ ಹಗುರವಾದ ಬಂದೂಕಿಗಾಗಿ ನೂರಾರು ಡಾಲರ್ ಸುರಿಯುವ ಬೇಟೆಗಾರರು ಈ ಲೆಕ್ಕವನ್ನು ಯಾಕೋ ಹಾಕುವುದಿಲ್ಲ.

ಮರುವರ್ಷ ನಮ್ಮ ಗೆಳೆಯ ಸೆಪ್ಟೆಂಬರಿನಲ್ಲೇ ಎರಡು ಮೂರು ದಿನಕ್ಕೊಂದರಂತೆ ಡಬ್ಬಿಗಳನ್ನು ಕಡಿಮೆ ಮಾಡುತ್ತಾ ಬಂದು, ಹೊರಡುವ ಹೊತ್ತಿಗೆ ಬೆಳಗಿನ ಒಂದು ಲೋಟ ಕಾಫಿಗೆ ಇಳಿದಿದ್ದ. ತಲೆನೋವು ಬರಲಿಲ್ಲ. ಮೂರನೆಯ ದಿನ ಅವನಿಗೇ ಎಲ್ಕ್ ಸಿಕ್ಕಿತು. ಮೂವರೂ ಎರಡೆರಡು ಸಲ ಹತ್ತಿ ಇಳಿದು, ಕೊನೆಯ ಹೊರೆಯನ್ನು ಗಾಡಿಯ ಹಿಂಬಾಗಿಲ ಮೇಲೆ ಇಳಿಸಿದಾಗ ಕತ್ತಲಾಗಿ ಬಹಳ ಹೊತ್ತಾಗಿತ್ತು. ನನ್ನ ತೊಡೆಗಳು ತಾವಾಗಿಯೇ ನಡುಗುತ್ತಿದ್ದವು. ಮಾಂಸಕ್ಕೆ ಜಾಗ ಮಾಡಲು ಆತ ಐಸ್ ಪೆಟ್ಟಿಗೆಯಿಂದ ಡಬ್ಬಿಗಳನ್ನು ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟ, ಒಂದನ್ನು ತೆರೆದು, ತಾನು ಕುಡಿಯದೆ ಮೊದಲು ನನ್ನ ಕೈಗೆ ಕೊಟ್ಟ. ಸೋಡಾ ನನಗೆ ಎಂದೂ ಇಷ್ಟವಾದದ್ದಲ್ಲ. ಡಬ್ಬಿ ಹಿಂದಕ್ಕೆ ಕೊಡುವಾಗ ಅದರಲ್ಲಿ ಏನೂ ಉಳಿದಿರಲಿಲ್ಲ.