ದೇವರು ಕೊಡ್ತಾನೆ ಅನ್ನೋದು ಯಾರಿಗೆ ಹೇಳುವ ಮಾತು?

ನಾನಿರುವ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಆಶ್ಲಿ ಡೌನ್ ಅನ್ನುವ ಕಡೆ ಐದು ಭಾರಿ ಕಲ್ಲುಕಟ್ಟಡಗಳಿವೆ. ಒಂದು ಕಾಲಕ್ಕೆ ಅವು ಅನಾಥಾಲಯ. ಎರಡು ಸಾವಿರ ಮಕ್ಕಳಿಗೆ ಜಾಗ ಇತ್ತು. ಕಟ್ಟಿಸಿದವರು ಜಾರ್ಜ್ ಮುಲ್ಲರ್, ಪ್ರಷ್ಯಾದಲ್ಲಿ, ಅಂದರೆ ಈಗಿನ ಜರ್ಮನಿಯಲ್ಲಿ ಹುಟ್ಟಿದ ಕ್ರೈಸ್ತ ಬೋಧಕರು. ಅಂದರೆ ಅವರೂ ನನ್ನ ಹಾಗೆ ಇಲ್ಲಿಗೆ ಹೊರಗಿನವರೇ. 1836ರಲ್ಲಿ ಬಾಡಿಗೆ ಮನೆಯಲ್ಲಿ ಶುರು ಮಾಡಿದರು. 1870ರ ಹೊತ್ತಿಗೆ ಐದನೇ ಕಟ್ಟಡವೂ ಎದ್ದಿತ್ತು. ಯಾರ ಹತ್ತಿರವೂ ದುಡ್ಡು ಕೇಳಬಾರದು, ಸಾಲ ಮಾಡಬಾರದು, ದೇವರನ್ನು ಮಾತ್ರ ಕೇಳಬೇಕು. ಇದು ಅವರ ನಿಯಮ.

ನನ್ನದು ಅಕೌಂಟ್ಸ್ ಕೆಲಸ, ಅನುಮಾನ ಸ್ವಲ್ಪ ಜಾಸ್ತಿ. ಮುಲ್ಲರ್ ವರ್ಷವರ್ಷ ವರದಿ ಅಚ್ಚು ಹಾಕಿಸುತ್ತಿದ್ದರು. ಅದನ್ನು ಓದಿದವರ ಕೈ ಸುಮ್ನೆ ಇರುತ್ತದಾ? ಆದರೆ ಒಂದು ಲೆಕ್ಕ ನನ್ನ ಬಾಯಿ ಮುಚ್ಚಿಸಿತು. ಅವರ ಕೈಯಲ್ಲಿ ಲಕ್ಷಗಟ್ಟಲೆ ಪೌಂಡ್ ಓಡಾಡಿತ್ತು. 1898ರಲ್ಲಿ ತೀರಿಕೊಂಡಾಗ ಸ್ವಂತದ್ದು ಅಂತ ಉಳಿದದ್ದು ಸುಮಾರು 160 ಪೌಂಡ್. ತಮಗೆ ಬಂದದ್ದನ್ನೂ ಹಂಚಿಬಿಟ್ಟಿದ್ದರು.

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಅಮ್ಮನ ನಡೆಯೂ ಇದೇ, ವರದಿ ಮಾತ್ರ ಇಲ್ಲ. ಕೊಳೆರೋಗ ಬಂದ ವರ್ಷ ಮರದಡಿ ಹಸಿ ಅಡಿಕೆ ಉದುರಿ ಬಿದ್ದಿರುತ್ತಿತ್ತು. ಅಪ್ಪ ತೋಟದಿಂದ ಸಪ್ಪೆ ಮುಖ ಹೊತ್ತು ಬರುತ್ತಿದ್ದರು. ಅದೇ ಹೊತ್ತಿಗೆ ಮಳೆಯಲ್ಲಿ ಕೂಲಿ ಇಲ್ಲದವರು ಯಾರಾದರೂ ಹಿತ್ತಲ ಬಾಗಿಲಿಗೆ ಬರುತ್ತಿದ್ದರು. ಅಮ್ಮ ಸೇರಿನಲ್ಲಿ ಅಕ್ಕಿ ಅಳೆಯುತ್ತಿದ್ದಳು. ಸೇರು ತುಂಬಿದ ಮೇಲೆ ಇನ್ನೊಂದು ಹಿಡಿ.

"ನಮಗೇ ಇಲ್ಲವಲ್ಲೇ," ಅಪ್ಪ ಗೊಣಗುತ್ತಿದ್ದರು.

"ದೇವರು ಕೊಡ್ತಾನೆ ಬಿಡಿ."

ಬಂದವರ ಮುಂದೆ ಮಾತ್ರ ಅವಳು ಈ ಮಾತು ಆಡಿದ್ದಿಲ್ಲ. ಅವರಿಗೆ ಅಕ್ಕಿ. 'ದೇವರು ಕೊಡ್ತಾನೆ' ಅನ್ನೋದು ನಮ್ಮ ಪಾಲಿಗೆ.

ಎಷ್ಟೋ ಜನ ಇದನ್ನು ಉಲ್ಟಾ ಮಾಡುತ್ತಾರೆ. ಹಸಿದವನಿಗೆ ದೇವರಿದ್ದಾನೆ ಅಂದು ಬಾಗಿಲು ಹಾಕಿಕೊಳ್ಳುತ್ತಾರೆ. ಬೈಬಲ್ಲಿನ ಯಾಕೋಬನ ಪತ್ರ ಎರಡನೇ ಅಧ್ಯಾಯದಲ್ಲಿ ಇಂಥವರಿಗೆ ಸರಿಯಾಗಿ ಚುಚ್ಚಿದೆ. ಉಡಲು ಉಣ್ಣಲು ಇಲ್ಲದವರಿಗೆ 'ಬೆಚ್ಚಗಿರಿ, ಹೊಟ್ಟೆ ತುಂಬಿಸಿಕೊಳ್ಳಿ' ಅಂತ ಹೇಳಿ, ಏನೂ ಕೊಡದೆ ಕಳಿಸಿದರೆ ಏನು ಬಂತು ಅಂತ. ಬೈಬಲ್ಲಿನದೇ ಇನ್ನೊಂದು ಕಥೆಯಲ್ಲಿ, ಬರಗಾಲದ ಹೊತ್ತು, ಸರೆಪ್ತ ಅನ್ನುವ ಊರಿನ ವಿಧವೆಯ ಮಡಕೆಯಲ್ಲಿ ಉಳಿದದ್ದು ಒಂದು ಹಿಡಿ ಹಿಟ್ಟು. ಅದರಲ್ಲೇ ಅವಳು ಪ್ರವಾದಿ ಎಲೀಯನಿಗೆ ಮೊದಲು ರೊಟ್ಟಿ ಮಾಡಿಕೊಟ್ಟಳು. ಮಡಕೆ ಬರಿದಾಗಲಿಲ್ಲ ಅನ್ನೋದು ಆಮೇಲಿನ ಕಥೆ. ಕೊಡುವಾಗ ಅವಳಿಗೆ ಅದು ಕಂಡಿರಲಿಲ್ಲ, ಅಲ್ವಾ?

ಇಲ್ಲಿ ಇಲ್ಲದವರಿಗೆ ಆಹಾರ ಹಂಚುವ ಚರ್ಚಿನ ಫುಡ್ ಬ್ಯಾಂಕಿಗೆ ಪಾಸ್ತಾ, ಬೀನ್ಸ್ ಡಬ್ಬಿ ಹಾಕುತ್ತೇನೆ. ಸಂಬಳ ಬಂದ ಮೇಲೆ, ಉಳಿದದ್ದರಲ್ಲಿ. ಅಮ್ಮನ ಲೆಕ್ಕದಲ್ಲಿ ಅದು ದಾನಕ್ಕೇ ಬರೋದಿಲ್ಲ.

ಮನೆಯ ಹಂಚು, ಪಕಾಸಿ ಬದಲಾಯಿಸಲು ದುಡ್ಡು ಕಳಿಸಿದ್ದೆ. ಮಳೆ ಹಿಡಿದ ಮೇಲೆ ಫೋನ್ ಮಾಡಿದರೆ, ಅರ್ಧ ದುಡ್ಡು ಪಕ್ಕದ ಮನೆ ಹುಡುಗಿಯ ನರ್ಸಿಂಗ್ ಫೀಸಿಗೆ ಹೋಗಿದೆ.

"ಮಾಡು ಸೋರೋದಿಲ್ವಾ ಅಮ್ಮಾ?"

"ಟಾರ್ಪಾಲ್ ಹೊದೆಸಿದೀನಿ ಮಗಾ. ಹಂಚಿಗೆ ದೇವರು ಕೊಡ್ತಾನೆ."

ಯಾವ ದೇವರು ಅಂತ ನನಗೆ ತಕ್ಷಣ ಗೊತ್ತಾಯಿತು. ಮತ್ತೆ ಕಳಿಸಿದೆ. ಹುಡುಗಿ ಈಗ ಎರಡನೇ ವರ್ಷದಲ್ಲಿದ್ದಾಳೆ. ಟಾರ್ಪಾಲ್ ಇನ್ನೂ ಅಲ್ಲೇ ಇದೆಯಂತೆ. ಆ ದುಡ್ಡು ಯಾರ ಮನೆಗೆ ಹೋಯಿತು ಅಂತ ನಾನು ವಿಚಾರಿಸಲು ಹೋಗಿಲ್ಲ.