ಸೀಲಿಂಗ್ ಮುಚ್ಚಿದ ಮೇಲೆ ಗೊತ್ತಾದ ಕೇಬಲ್ಲು

ಹೋಮ್ ಥಿಯೇಟರ್ ಇನ್‌ಸ್ಟಾಲೇಷನ್ ಕೆಲಸಕ್ಕೆ ಬಂದು ಒಂಬತ್ತು ವರ್ಷ ಆಯ್ತು. ಸ್ಪೀಕರ್ ವೈರ್ ಉಲ್ಟಾ ಕೊಟ್ಟಿದ್ದು, ಸ್ಕ್ರೀನ್ ಬ್ರಾಕೆಟ್ ಅರ್ಧ ಇಂಚು ಸೊಟ್ಟ ಕೂತಿದ್ದು, ಇಂಥವೆಲ್ಲ ಆಗಿವೆ, ಸರಿ ಮಾಡಿ ಮರೆತೂ ಬಿಟ್ಟಿದೀನಿ. ಮೈಸೂರು ವಿಜಯನಗರದ ಆ ಮನೆ ಮಾತ್ರ ಮರೆಯೋಕೆ ಆಗ್ತಿಲ್ಲ. ಅಲ್ಲಿ ಕೈ ಕೊಟ್ಟಿದ್ದು ಒಂದು ಕೇಬಲ್ಲು, ನಾನು ತಪ್ಪು ಹೊರಿಸಿದ್ದು ಬೇರೆಯವರ ಮೇಲೆ.

ಯಜಮಾನರು ರಿಟೈರ್ಡ್ ಇಂಜಿನಿಯರ್ರು. ಹೊಸ ಮನೆ ಕಟ್ಟಿಸಿ ಮಹಡಿ ಮೇಲಿನ ಒಂದು ರೂಮನ್ನ ಪೂರ್ತಿ ಥಿಯೇಟರ್‌ಗೇ ಬಿಟ್ಟಿದ್ರು. 4ಕೆ ಪ್ರೊಜೆಕ್ಟರ್, ಎವಿಆರ್ (ಬಾಕ್ಸುಗಳಿಂದ ಬರೋ ಚಿತ್ರವನ್ನ ಪ್ರೊಜೆಕ್ಟರ್‌ಗೆ, ಸದ್ದನ್ನ ಸ್ಪೀಕರ್‌ಗೆ ಕಳಿಸೋ ಆಂಪ್ಲಿಫೈಯರ್ರು), ಐದು ಸ್ಪೀಕರ್ರು, ಒಂದು ಸಬ್‌ವೂಫರ್ರು. ರ‍್ಯಾಕ್ ಪರದೆ ಪಕ್ಕದ ಮೂಲೆಯಲ್ಲಿ, ಪ್ರೊಜೆಕ್ಟರ್ ಹಿಂದ್ಗಡೆ ಸೀಲಿಂಗಲ್ಲಿ, ಹಾಗಾಗಿ ಗೋಡೆ ಹತ್ತಿ ಸೀಲಿಂಗ್ ಮೇಲೆ ಹೋಗಿ ಇಳಿಯೋಕೆ 15 ಮೀಟರ್ ಎಚ್‌ಡಿಎಂಐ, ಅಂದ್ರೆ ಚಿತ್ರ, ಸದ್ದು ಎರಡನ್ನೂ ಒಯ್ಯೋ ಕೇಬಲ್ಲು, ಬೇಕಿತ್ತು. ನಮ್ಮ ಆಫೀಸಿನ ಬಿಓಕ್ಯೂನಲ್ಲಿ (ಸೈಟಿಗೆ ಬೇಕಾದ ಸಾಮಾನಿನ ಪಟ್ಟಿ) ಇದ್ದದ್ದೂ ಅಷ್ಟೇ, "ಎಚ್‌ಡಿಎಂಐ ಕೇಬಲ್, 15 ಮೀಟರ್, 1 ನಂಬರ್". ಯಾವ ಥರದ್ದು, ಎಷ್ಟು ಸ್ಪೀಡಿಂದು, ಒಂದಕ್ಷರ ಇಲ್ಲ. ಸ್ಟೋರಿಂದ ಬಂದ ಡಬ್ಬದ ಮೇಲೆ ದೊಡ್ಡದಾಗಿ "4ಕೆ", ಪಕ್ಕದಲ್ಲಿ "2.0", ಕೆಳಗೆ "ಗೋಲ್ಡ್ ಪ್ಲೇಟೆಡ್". ನೋಡಿ ಸಮಾಧಾನ ಆಯ್ತು ನಂಗೆ.

ಫಾಲ್ಸ್ ಸೀಲಿಂಗ್‌ನವರು ಬೆಳಿಗ್ಗೆಯಿಂದ ಬೋರ್ಡ್ ಹೊಡೀಬೇಕು ಬೇಗ ಮುಗಿಸಿ ಅಂತ ತಲೆ ಮೇಲೆ ನಿಂತಿದ್ರು. ಕೇಬಲ್ ಹಾಸಿ, ಪೈಪನ್ನ ಅದರ ಮೇಲೆ ಒಂದೊಂದೇ ತುಂಡು ತೂರಿಸಿ ಜೋಡಿಸಿದ್ವಿ, ಆಮೇಲೆ ಟೆಸ್ಟ್. ನಮ್ಮ ಹುಡುಗ ವ್ಯಾನಿಂದ ಸೆಟ್‌ಟಾಪ್ ಬಾಕ್ಸು, 32 ಇಂಚಿನ ಟೀವಿ ತಂದ. ಚಿತ್ರ ಬಂತು, ನೀಟಾಗಿತ್ತು. "ಓಕೆ, ಮುಚ್ಕೊಳ್ಳಿ" ಅಂದೆ. ಆ ಬಾಕ್ಸು ಕೊಡ್ತಿದ್ದದ್ದು ಬರೀ 1080ಪಿ, 4ಕೆಯ ಕಾಲು ಭಾಗದಷ್ಟೇ ಪಿಕ್ಸೆಲ್ ಇರೋ ಚಿತ್ರ. ಅದು ಆಗ ನನ್ನ ತಲೆಗೆ ಬರಲೇ ಇಲ್ಲ.

ಮೂರು ವಾರ ಬಿಟ್ಟು ಭಾನುವಾರ ಹ್ಯಾಂಡೋವರ್. ಮನೆಯವರೆಲ್ಲ ಕಾಫಿ ಲೋಟ ಹಿಡ್ಕೊಂಡು ಬಂದು ಕೂತಿದ್ರು, ಪಕ್ಕದ ಮನೆಯವರೂ ಇದ್ರು. ಮೊದಲು ಡಿಟಿಎಚ್ ಹಾಕಿದೆ, ಹಳೇ ಕ್ರಿಕೆಟ್ ಮ್ಯಾಚ್ ಬರ್ತಿತ್ತು, ಯಜಮಾನರ ಮುಖ ಅರಳ್ತು. ಆಮೇಲೆ ಅವರ ಮೊಮ್ಮಗ ತನ್ನ ಪ್ಲೇಸ್ಟೇಷನ್ 5 ತಂದು ರ‍್ಯಾಕಲ್ಲಿಟ್ಟ. ಎವಿಆರ್‌ಗೆ ಚುಚ್ಚಿದೆ. ಚಿತ್ರ ಬಂತು, ಎರಡು ಸೆಕೆಂಡ್ ಇತ್ತು, ಪರದೆ ಕಪ್ಪಾಯ್ತು. ಎವಿಆರ್ ಒಳಗಿನ ರಿಲೇ ಟಕ್ ಅಂತು. ಮತ್ತೆ ಬಂತು, ಈ ಸಲ ಪರದೆ ತುಂಬಾ ಅಕ್ಕಿ ಚೆಲ್ಲಿದಂಗೆ ಬಿಳೀ ಚುಕ್ಕಿ. ಮತ್ತೆ ಕಪ್ಪು, ಮತ್ತೆ ಟಕ್.

ಆ ಇಪ್ಪತ್ತು ನಿಮಿಷ ಹೆಂಗೆ ಕಳೀತು ಅಂತ ನಂಗೇ ಗೊತ್ತು. ಎವಿಆರ್ ಸೆಟ್ಟಿಂಗಲ್ಲಿ ಆ ಇನ್‌ಪುಟ್ಟನ್ನ ಎನ್ಹಾನ್ಸ್ಡ್ (ಪೂರ್ತಿ 4ಕೆ ಸಿಗ್ನಲ್ ಬಿಡೋ ಮೋಡ್) ಮಾಡಿದೀನಾ ಅಂತ ನೋಡಿದೆ, ಮಾಡಿದ್ದೆ. ಪ್ಲಗ್ ತೆಗೆದು ಹಾಕಿದೆ, ಎಲ್ಲ ಆಫ್ ಮಾಡಿ ಒಂದೊಂದಾಗಿ ಆನ್ ಮಾಡಿದೆ. ರೂಮಲ್ಲಿ ಯಾರೂ ಮಾತಾಡ್ತಿಲ್ಲ, ಎಸಿ ಸದ್ದು ಬಿಟ್ರೆ ಆ ಟಕ್ ಒಂದೇ. ಬೆನ್ನಲ್ಲಿ ಬೆವರು ಇಳೀತಿತ್ತು. ಯಜಮಾನರು ಮೆತ್ತಗೆ, "ಏನಪ್ಪಾ, ಏನಾಗಿರಬಹುದು?" ಅಂದ್ರು. ಗೊತ್ತಿಲ್ಲ ಸಾರ್, ನೋಡ್ತಾ ಇದೀನಿ ಅಂದಿದ್ರೆ ಆಗಿರೋದು. ಅದರ ಬದಲು ನಾನು, "ಸಾರ್, ಪ್ರೊಜೆಕ್ಟರ್ ಬೋರ್ಡೇ ಪ್ರಾಬ್ಲಂ ಅನ್ಸುತ್ತೆ, ಕೇಬಲ್ ನಾನೇ ಟೆಸ್ಟ್ ಮಾಡಿ ಹಾಕಿರೋದು" ಅಂದೆ. ಅಷ್ಟು ಗಟ್ಟಿಯಾಗಿ ಹೇಳಿದೆ. ಅವರು ಅಲ್ಲೇ ಫೋನ್ ತೆಗೆದು ಪ್ರೊಜೆಕ್ಟರ್ ಕೊಟ್ಟ ಡೀಲರ್‌ಗೆ ಹಚ್ಚಿದ್ರು. ಭಾನುವಾರ, ಆ ಮನುಷ್ಯ ಯಾವುದೋ ಮದುವೆಯಲ್ಲಿದ್ರು, ಹಿಂದೆ ವಾಲಗದ ಸದ್ದು ಕೇಳ್ತಿತ್ತು. ಎಲ್ಲರೆದುರಿಗೆ ಅವರಿಗೆ ಮಾತು ಕೇಳೋ ಹಂಗಾಯ್ತು. ಆದ್ರೂ ಅವರು ನನ್ನ ಹತ್ರ ಫೋನ್ ಕೊಡಿಸ್ಕೊಂಡು ಕೇಳಿದ್ದು ಒಂದೇ ಪ್ರಶ್ನೆ, "ಚಿಕ್ಕ ಕೇಬಲ್ಲಲ್ಲಿ ಡೈರೆಕ್ಟಾಗಿ ಕೊಟ್ಟು ನೋಡಿದ್ರಾ?"

ನೋಡಿರಲಿಲ್ಲ.

ವ್ಯಾನಲ್ಲಿ 2 ಮೀಟರ್‌ದು ಒಂದಿತ್ತು. ಏಣಿ ಹಾಕಿ ಹತ್ತಿದೆ, ನಮ್ಮ ಹುಡುಗ ಸ್ಟೂಲ್ ಮೇಲೆ ನಿಂತು ಪ್ಲೇಸ್ಟೇಷನ್ನನ್ನ ಎರಡೂ ಕೈಯಲ್ಲಿ ಮಗು ಥರ ಎತ್ತಿ ಹಿಡ್ಕೊಂಡ, ಅದೇನು ಹಗುರ ಅಲ್ಲ, ಪವರ್‌ಗೆ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು ತಂದ್ವಿ. ಪ್ರೊಜೆಕ್ಟರ್‌ಗೆ ನೇರ ಚುಚ್ಚಿದೆ. ಚಿತ್ರ ಬಂತು. ನಿಂತ್ಕೊಳ್ತು. ಒಂದು ನಿಮಿಷ, ಎರಡು ನಿಮಿಷ, ಒಂದು ಚುಕ್ಕಿ ಇಲ್ಲ. ಹುಡುಗ ಕೈ ನಡುಗಿಸ್ತಾ "ಅಣ್ಣಾ, ಸಾಕಾ?" ಅಂದ. ಕೆಳಗೆ ಕೂತವರೆಲ್ಲ ನೋಡ್ತಿದ್ರು, ನಾನು ಏಣಿ ಮೇಲಿಂದ ಇಳಿಯೋಕೆ ಸ್ವಲ್ಪ ಹೊತ್ತು ತಗೊಂಡೆ.

ಆಗಿದ್ದು ಏನು ಅಂದ್ರೆ, 1080ಪಿ 60 ಫ್ರೇಮ್‌ಗೆ ಕೇಬಲ್ ಮೇಲೆ ಹರಿಯೋದು 4.455 ಜಿಬಿಪಿಎಸ್, ಅಂದ್ರೆ ಸೆಕೆಂಡಿಗೆ ಅಷ್ಟು ಗಿಗಾಬಿಟ್. ಪ್ಲೇಸ್ಟೇಷನ್ ಈ ಪ್ರೊಜೆಕ್ಟರ್‌ಗೆ 4ಕೆ 60 ಎಚ್‌ಡಿಆರ್ (ಬೆಳಕು, ಬಣ್ಣ ಇನ್ನೂ ಚೆನ್ನಾಗಿ ತೋರಿಸೋ ಚಿತ್ರ) ಕಳಿಸುವಾಗ 17.82, ಅಂದ್ರೆ ಸರಿಯಾಗಿ ನಾಲ್ಕು ಪಟ್ಟು. ನಾನು ಕಾಲು ಭಾಗ ಭಾರ ಹೊರಿಸಿ ಪಾಸ್ ಮಾಡಿದ್ದೆ. ತಾಮ್ರದಲ್ಲಿ ಉದ್ದ ಜಾಸ್ತಿ ಆದಷ್ಟೂ ಸಿಗ್ನಲ್ ಸೊರಗುತ್ತೆ, ಸ್ಪೀಡ್ ಜಾಸ್ತಿ ಆದಷ್ಟೂ ಇನ್ನೂ ಬೇಗ ಸೊರಗುತ್ತೆ. ಹಳೇ ಅನಲಾಗ್ ಥರ ಚಿತ್ರ ಮೆಲ್ಲಗೆ ಮಸುಕಾಗಿ ಮುಂಚೇನೇ ಸುಳಿವು ಕೊಡೋದೂ ಇಲ್ಲ, ತಡ್ಕೊಳ್ಳೋವರೆಗೂ ಚೊಕ್ಕ, ಆಮೇಲೆ ಚುಕ್ಕಿ, ಆಮೇಲೆ ಕಪ್ಪು. ಡಬ್ಬದ ಮೇಲಿನ "4ಕೆ" ಸುಳ್ಳು ಅಂತಲೂ ಹೇಳೋಕಾಗಲ್ಲ, 4ಕೆ 30 ಕೂಡ 4ಕೆನೇ, ಅದಕ್ಕೆ 8.91 ಸಾಕು. "2.0" ಅನ್ನೋದು ಪೋರ್ಟಿನ ಲೆಕ್ಕ, ಕೇಬಲ್‌ಗೆ ವರ್ಷನ್ನೇ ಇಲ್ಲ. ಕೇಬಲ್‌ಗೆ ಇರೋದು ಸ್ಪೀಡಿನ ದರ್ಜೆ. ಹೈಸ್ಪೀಡ್ ಅಂದ್ರೆ 10.2, ಪ್ರೀಮಿಯಂ ಹೈಸ್ಪೀಡ್ ಅಂದ್ರೆ 18, ಅಲ್ಟ್ರಾ ಹೈಸ್ಪೀಡ್ ಅಂದ್ರೆ 48. ಕೊನೇ ಎರಡು ಸರ್ಟಿಫೈಡ್ ಆಗಿದ್ರೆ ಡಬ್ಬದ ಮೇಲೆ ಸ್ಕ್ಯಾನ್ ಮಾಡೋ ಲೇಬಲ್ ಇರುತ್ತೆ. ನಮ್ಮ ಡಬ್ಬದಲ್ಲಿ ಆ ಲೇಬಲ್ ಇರಲಿಲ್ಲ, ನಾನು ಹುಡುಕಿಯೂ ಇರಲಿಲ್ಲ. ಚಿನ್ನದ ಲೇಪ ಪ್ಲಗ್ ತುಕ್ಕು ಹಿಡೀದೇ ಇರೋಕೆ, ಅದಕ್ಕೂ ಸ್ಪೀಡಿಗೂ ಸಂಬಂಧ ಇಲ್ಲ.

ಅವತ್ತು ಒಂದು ಅಡ್ಡದಾರಿ ಇತ್ತು, ಅದನ್ನೂ ಹಿಡಿದೆ. ಪ್ಲೇಸ್ಟೇಷನ್ ಸೆಟ್ಟಿಂಗಲ್ಲಿ 4ಕೆ ಟ್ರಾನ್ಸ್‌ಫರ್ ರೇಟ್ ಅಂತ ಒಂದಿದೆ, ಅದನ್ನ ಒಂದು ಮೆಟ್ಟಿಲು ಇಳಿಸಿದ್ರೆ ಬಣ್ಣದ ಮಾಹಿತಿ ಕಮ್ಮಿ ಆಗಿ ಕೇಬಲ್ ಮೇಲಿನ ಭಾರ ಇಳಿಯುತ್ತೆ. ಇಳಿಸಿದೆ, ಅದೇ 15 ಮೀಟರ್ ಕೇಬಲ್ಲಲ್ಲಿ ಚಿತ್ರ ನಿಂತ್ಕೊಳ್ತು, ಮೊಮ್ಮಗ ಆಟ ಶುರು ಮಾಡ್ದ. ನಾನು ಟೂಲ್ ಬ್ಯಾಗ್ ಎತ್ಕೊಳ್ತಿದ್ದೆ. ಯಜಮಾನರು ಬಾಗಿಲ ಹತ್ರ ಬಂದು, "ಅಲ್ಲಪ್ಪಾ, ನಾನು ದುಡ್ಡು ಕೊಟ್ಟಿರೋದು ಪೂರ್ತಿದಕ್ಕೆ, ಬರ್ತಿರೋದು ಅರೆಬರೆ ಅಂತಲ್ವಾ ಇದರರ್ಥ?" ಅಂದ್ರು. ಬೈಗುಳ ಅಲ್ಲ, ಬರೀ ಕೇಳಿದ್ದು. ನಂಗೆ ಉತ್ತರ ಹೊರಡಲಿಲ್ಲ. "ಬದಲಾಯಿಸಿ ಕೊಡ್ತೀನಿ ಸಾರ್" ಅಂದೆ.

ಆಫೀಸಲ್ಲಿ ಸೋಮವಾರ ಒಂದು ಗಂಟೆ ವಾದ. ಪರ್ಚೇಸ್‌ನವರ ಪ್ರಕಾರ ಇದೇ ಕೇಬಲ್ ಹತ್ತು ಸೈಟಿಗೆ ಹೋಗಿದೆ, ಯಾರೂ ಕಂಪ್ಲೇಂಟ್ ಮಾಡಿಲ್ಲ. ಆ ಹತ್ತರಲ್ಲಿ ಎಷ್ಟು ಕಡೆ 4ಕೆ 60 ಓಡ್ತಿದೆ ಅಂತ ಕೇಳಿದ್ರೆ ಉತ್ತರ ಇಲ್ಲ. ಕೊನೆಗೆ ಎಓಸಿ ತರಿಸಿದ್ರು, ಅಂದ್ರೆ ಆಕ್ಟಿವ್ ಆಪ್ಟಿಕಲ್ ಕೇಬಲ್, ತಾಮ್ರದ ಬದಲು ಒಳಗೆ ಫೈಬರ್ ಇರೋದು, ಅಷ್ಟು ಉದ್ದಕ್ಕೆ 18 ಜಿಬಿಪಿಎಸ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಪುಣ್ಯಕ್ಕೆ ಪೈಪ್ ಹಾಕಿದ್ವಿ, ಇಲ್ಲಾಂದ್ರೆ ಬಣ್ಣ ಹೊಡೆದ ಸೀಲಿಂಗ್ ಒಡೀಬೇಕಿತ್ತು. ಆದ್ರೆ ಪೈಪಲ್ಲಿ ಒಂದು ಕಡೆ ಲಾಂಗ್ ಬೆಂಡ್ ಬದಲು ಗಿಡ್ಡ ಎಲ್ಬೋ ಬಿದ್ದಿತ್ತು, ಪೂರ್ತಿ ಸೈಜಿನ ಎಚ್‌ಡಿಎಂಐ ಪ್ಲಗ್ ಅದರಲ್ಲಿ ತೂರಲ್ಲ. ಅದಕ್ಕೇ ತುದಿ ಸಣ್ಣದಿದ್ದು, ಆಮೇಲೆ ದೊಡ್ಡ ಹೆಡ್ ಸಿಕ್ಕಿಸೋ ಥರದ್ದನ್ನ ಹಟ ಹಿಡಿದು ತರಿಸಿದ್ದೆ. ಹಳೇ ಕೇಬಲ್ಲಿನ ಎರಡೂ ತುದಿಯ ಪ್ಲಗ್ಗನ್ನ ನಿಪ್ಪರಲ್ಲಿ ಕತ್ತರಿಸಿದೆ. ಹೊಸದರ ತಲೆಯನ್ನ ಸ್ಪಂಜಲ್ಲಿ ಸುತ್ತಿ, ಎಳೆತ ತಲೆ ಮೇಲೆ ಬೀಳದ ಹಂಗೆ ಹಿಂದಿನ ಕವಚಕ್ಕೆ ಟೇಪ್ ಸುತ್ತಿ ಹಳೇದಕ್ಕೆ ಕಟ್ಟಿ, ಪೌಡರ್ ಹಾಕಿ, ಆ ಕಡೆಯಿಂದ ಹುಡುಗ ಎಳೆಯೋದು, ಈ ಕಡೆಯಿಂದ ನಾನು ಬಿಡೋದು. ಎಲ್ಬೋ ಹತ್ರ ಒಂದ್ಸಲ ಸಿಕ್ಕಿಕೊಳ್ತು, ಇಬ್ರೂ ಉಸಿರು ಹಿಡಿದ್ವಿ, ಒಂದಡಿ ಹಿಂದೆ ತಗೊಂಡು ತಿರುಗಿಸಿ ಮತ್ತೆ ಬಿಟ್ಟೆ, ಹೋಯ್ತು. ಇದಕ್ಕೆ ದಿಕ್ಕು ಬೇರೆ ಇದೆ, ಸೋರ್ಸ್ ತುದಿ ಡಿಸ್‌ಪ್ಲೇ ಕಡೆ ಹೋದ್ರೆ ಏನೂ ಬರಲ್ಲ. ಎಳೆಯೋ ಮುಂಚೆ ಎರಡೂ ತುದಿಗೆ ಬಿಳೀ ಟೇಪ್ ಅಂಟಿಸಿ ಮಾರ್ಕರಲ್ಲಿ "ರ‍್ಯಾಕ್", "ಪ್ರೊಜೆಕ್ಟರ್" ಅಂತ ಬರೆದು, ಮೊಮ್ಮಗನ ಪ್ಲೇಸ್ಟೇಷನ್ನನ್ನೇ ಕೇಳಿ ತಗೊಂಡು, ಎವಿಆರ್ ಮೂಲಕವೇ, ಕೇಬಲ್ ಇನ್ನೂ ನೆಲದ ಮೇಲೆ ಇದ್ದಾಗಲೇ ಅರ್ಧ ಗಂಟೆ ಓಡಿಸಿ ನೋಡಿದ್ದೆ.

ಸಂಜೆ ಡೀಲರ್‌ಗೆ ನಾನೇ ಫೋನ್ ಮಾಡಿ ತಪ್ಪು ನಂದು ಅಂದೆ. ಯಜಮಾನರ ಹತ್ರಾನೂ ಅದನ್ನೇ ಹೇಳಿ, ಡೀಲರ್‌ಗೆ ಒಂದು ಮಾತು ಹೇಳಿಬಿಡಿ ಸಾರ್ ಅಂತ ಕೇಳ್ಕೊಂಡೆ. ಡೀಲರ್ ಸರಿ ಬಿಡಿ ಅಂದ್ರು, ಆದ್ರೆ ಆಮೇಲೆ ಅವರ ಕಡೆಯಿಂದ ನಮಗೆ ಒಂದು ಸೈಟೂ ಬಂದಿಲ್ಲ. ಅದಕ್ಕೆ ನಾನೇನೂ ಹೇಳೋ ಹಂಗಿಲ್ಲ.

ಈಗ 5 ಮೀಟರ್ ದಾಟಿದ್ರೆ 18 ಜಿಬಿಪಿಎಸ್‌ಗೆ ನಾನು ತಾಮ್ರ ನಂಬಲ್ಲ. ಟೆಸ್ಟ್‌ಗೆ ವ್ಯಾನಲ್ಲಿ 4ಕೆ 60 ಎಚ್‌ಡಿಆರ್ ಕೊಡೋ ಒಂದು ಬಾಕ್ಸ್ ಇಡಿ ಅಂತ ಆಫೀಸಿಗೆ ಮೂರು ಸಲ ಮೇಲ್ ಹಾಕಿದೀನಿ, ಇನ್ನೂ ಬಜೆಟ್ ಆಗಿಲ್ಲ, ಅಲ್ಲೀವರೆಗೆ ಮನೆಯವರ ಹತ್ರ ಇರೋದನ್ನೇ ಕೇಳಿ ತಗೋತೀನಿ. ಬಿಓಕ್ಯೂನಲ್ಲಿ ಇವತ್ತಿಗೂ "ಎಚ್‌ಡಿಎಂಐ ಕೇಬಲ್, 1 ನಂಬರ್" ಅಂತಲೇ ಬರುತ್ತೆ. ಪ್ರಿಂಟ್ ಕೈಗೆ ಬಂದ ತಕ್ಷಣ ಪಕ್ಕದಲ್ಲಿ ಪೆನ್ನಲ್ಲಿ ಬರೀತೀನಿ: 18 ಜಿಬಿಪಿಎಸ್, ಎಓಸಿ, ಸಣ್ಣ ತಲೆ, ಲಾಂಗ್ ಬೆಂಡ್, ಸೋರ್ಸ್ ತುದಿ ರ‍್ಯಾಕ್ ಕಡೆ.